ನೂರಿಪ್ಪತ್ತು ತಾಂಬೂಲದ ಚೀಲಗಳು

ಕಾಂತರಾಜುವಿಗೆ ಸಿಟ್ಟು ಬಂದದ್ದು ತನ್ನನ್ನು ಜಿಪುಣ ಎಂದದ್ದಕ್ಕೆ. ಜಿಪುಣನಾದವನು ಕುರುಬರಹಳ್ಳಿಯಲ್ಲಿ ಮನೆಯ ಮೇಲೊಂದು ಮನೆ ಕಟ್ಟಿ, ಗೃಹಪ್ರವೇಶಕ್ಕೆ ಊರೋರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಾನೆಯೇ? (ಕಾಯಿ ಹೋಳಿಗೆ ಬೇರೆ, ಬೇಳೆ ಹೋಳಿಗೆ ಬೇರೆ.) ಅಂಥವನು, ಬಂದವರಿಗೆ ತೆಂಗಿನಕಾಯಿ ಹಾಕಿಕೊಡುವ ಚೀಲವನ್ನು ಹೊಸದಾಗಿ ಹೊಲಿಸುವುದು ಬೇಡ ಎಂದರೆ ಅದಕ್ಕೊಂದು ಘನವಾದ ಕಾರಣ ಇರಬೇಕಲ್ಲ? ಆ ಕಾರಣ ಕೇಳುವ ವ್ಯವಧಾನ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ.

ಕಾರಣ ಸಿಕ್ಕಿದ್ದು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ. ಅಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಸೂಪರ್‌ವೈಸರ್. ಅಂಗಿ ಕೊಳ್ಳುವ ಹೊರದೇಶದವರು ಈಗ ಹೊಲಿಗೆ ಒಂದನ್ನೇ ನೋಡುವುದಿಲ್ಲ; ಅಂಗಿ ಹುಟ್ಟಿದಂದಿನಿಂದ ಮಣ್ಣಾಗುವವರೆಗೆ ಭೂಮಿಗೆ ಎಷ್ಟು ಭಾರ ಎಂದು ಬರೆದುಕೊಡಿ ಎನ್ನುತ್ತಾರೆ. ಹತ್ತಿ ಕುಡಿದ ನೀರು, ಹೊಡೆದ ಔಷಧಿ, ಬಣ್ಣ, ಲಾರಿಯ ಡೀಸೆಲ್, ಇಸ್ತ್ರಿಯ ಕರೆಂಟು, ಕೊನೆಗೆ ಕಸದ ಗುಡ್ಡ, ಎಲ್ಲವೂ ಅದರಲ್ಲಿ ಬರಬೇಕು. ಜೀವನಚಕ್ರ ಮೌಲ್ಯಮಾಪನ ಎಂದು ಅದರ ಹೆಸರು. ಎರಡು ದಿನದ ತರಬೇತಿಗೆ ಹೋಗುವಾಗ ಸೂಪರ್‌ವೈಸರ್ ಆಗಿದ್ದ ಕಾಂತರಾಜು ಬರುವಾಗ ಋಷಿಯಾಗಿದ್ದ. ಸ್ಟೀಲ್ ಲೋಟ ಎತ್ತಿದರೆ ತಳದಲ್ಲಿ ಗಣಿ ಕಾಣುತ್ತಿತ್ತು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರೆ, ಎಲ್ಲೋ ಬಿಸಿಲಲ್ಲಿ ನಿಂತ ಹತ್ತಿಗಿಡವೊಂದು ನೀರು ನೀರು ಎಂದಂತಾಗುತ್ತಿತ್ತು.

“ನೂರಿಪ್ಪತ್ತು ಚೀಲ ರೀ,” ಎಂದಳು ಹೆಂಡತಿ ಲಕ್ಷ್ಮಿದೇವಮ್ಮ. “ಹಳದಿ ಬಟ್ಟೆ, ಕೆಂಪಕ್ಷರ. ‘ಲಕ್ಷ್ಮಿದೇವಮ್ಮ ಕಾಂತರಾಜು’ ಅಂತ. ನಾಳೆ ಆರ್ಡರ್ ಕೊಟ್‌ಬರ್ತೀನಿ.”

“ಬೇಡ ಕಣೇ! ಒಂದು ಬಟ್ಟೆ ಚೀಲ ತಾನು ಹುಟ್ಟಿದ ಪಾಪ ಕಳ್ಕೋಬೇಕು ಅಂದ್ರೆ ನೂರಾರು ಸಲ ಮಾರ್ಕೆಟ್ಟಿಗೆ ಹೋಗ್ಬರ್ಬೇಕು. ನಮ್ಮ ಅಟ್ಟದಲ್ಲಿರೋವು ಒಂದ್ಸಲಾನೂ ಹೋಗಿಲ್ಲ. ಅವನ್ನೇ ಕೊಡೋಣ.”

“ಯಾರ್‍ಯಾರದೋ ಮದುವೆ ಚೀಲಾನಾ? ಅದ್ರ ಮೇಲೆ ಅವರ ಹೆಸರಿದೆ!”

“ಒಳಮೈ ಹೊರಗೆ ತಿರುಗಿಸಿದ್ರಾಯ್ತು. ಹೆಸರು ಒಳಗೆ ಹೋಗುತ್ತೆ.”

“ಸರಿ. ಮತ್ತೆ ನನ್ ಹೆಸರು?”

ತರಬೇತಿಯ ಪುಸ್ತಕದಲ್ಲಿ ಈ ಬಾಬತ್ತು ಇರಲಿಲ್ಲ.

“ನಮ್ಮ ಮದುವೇಲಿ ಚೀಲ ಎಲ್ಲಿತ್ತು? ಎಲೆ ಅಡಿಕೆ ಕೈಗೆ ಕೊಟ್ಟು ಕಳಿಸಿದ್ರು. ಇಪ್ಪತ್ತೇಳು ವರ್ಷದಿಂದ ಊರೋರ ಹೆಸರನ್ನೆಲ್ಲ ನೀಟಾಗಿ ಮಡಚಿ ಮಡಚಿ ಅಟ್ಟಕ್ಕೆ ಹಾಕಿದೀನಿ. ನನ್ ಹೆಸರೂ ಒಂದ್ಸಲ ನಾಲ್ಕು ಜನರ ಅಟ್ಟ ಹತ್ತಲಿ ಅಂದ್ರೆ ಭೂಮಿಗೆ ಭಾರ ಆಗೋಯ್ತಾ? ನಾನು ಜಿಪುಣ ಅಂತ ನೇರವಾಗಿ ಹೇಳಿ!”

ಅವನ ಎದೆಯಲ್ಲಿ ಏನೋ ಚುರುಕ್ಕೆಂದಿತು. ಆದರೆ ಜಿಪುಣ ಎಂಬ ಮಾತು ಆ ಚುರುಕನ್ನು ನುಂಗಿಹಾಕಿತು. ಮೂರು ಸಂಜೆ ಕೂತು, ಒಬ್ಬನೇ, ನೂರಿಪ್ಪತ್ತು ಚೀಲಗಳನ್ನು ಒಳಗು ಹೊರಗು ಮಾಡಿದ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು, ಲಕ್ಷ್ಮಿದೇವಮ್ಮನ ಅಣ್ಣ ಗೋವಿಂದರಾಜನಗರದ ಮುನಿಯಣ್ಣ ಚೀಲದೊಳಗೆ ಕೈ ಹಾಕುವವರೆಗೆ. ಕಾಯಿಗೆ ಜುಟ್ಟಿದೆಯೋ ಇಲ್ಲವೋ ನೋಡಲು ಹೋದವನಿಗೆ ಒಳಗೆ ಅಕ್ಷರ ಕಂಡಿತು. ಶಾಮಿಯಾನದ ನಡುವೆ ನಿಂತು ಚೀಲ ಮಗುಚಿದ.

“ಏನ್ ಭಾವ ಇದು? ನಮ್ ಮಗಳು ಸುವರ್ಣಾ ಮದುವೆ ಚೀಲ! ನಾನು ಕೊಟ್ಟ ತಾಂಬೂಲ ನನಗೇ ವಾಪಸ್ ಕೊಡ್ತೀರಾ? ಸಂಬಂಧ ಬೇಡ ಅಂದ್ರೆ ಬಾಯಲ್ಲಿ ಹೇಳಿ!”

ಆಮೇಲೆ ಶಾಮಿಯಾನದಲ್ಲಿದ್ದ ಚೀಲಗಳೆಲ್ಲ ಮಗುಚಿಕೊಂಡವು. “ಇದು ನಮ್ ನಾದಿನಿದು!” “ನೀಲಾಂಬಿಕಾ ಚೀಲ ಯಾರ ಹತ್ರ ಇದೆ?” “ಇದ್ರಲ್ಲಿ ಹಳೇ ಅಡಿಕೆ ಇನ್ನೂ ಇದೆ ಕಣ್ರೀ!”

ಕಾಂತರಾಜು ಪುರೋಹಿತರ ಮೈಕು ಕಿತ್ತುಕೊಂಡ. “ಬಂಧುಗಳೇ! ನಾನು ಜಿಪುಣ ಅಲ್ಲ! ನಿಮ್ಮ ಕೈಲಿರೋದು ಎಷ್ಟೋ ಕೊಡ ನೀರು ಕುಡಿದು ಬೆಳೆದ ಹತ್ತಿ. ಹಳೇ ಚೀಲ ಅಂದ್ರೆ ಭೂತಾಯಿ ಸೆರಗು! ಅದನ್ನ ಅಟ್ಟದಲ್ಲಿ ಕೊಳೆಸೋದು ಪಾಪ. ನಿಮಗೆ ಬೇಡದಿದ್ರೆ ನನಗೆ ತಂದ್ಕೊಡಿ, ನಾನು ಕಾಪಾಡ್ತೀನಿ!”

ಜನ ಚಪ್ಪಾಳೆ ತಟ್ಟಿದರು. ಸತ್ಯ ಗೆದ್ದಿತು ಎಂದುಕೊಂಡ.

ಮರುದಿನ ಬೆಳಿಗ್ಗೆ ಗೇಟಿಗೆ ಒಂದು ಗಂಟು ತೂಗುತ್ತಿತ್ತು. ಮಧ್ಯಾಹ್ನ ಮುನಿಯಣ್ಣ ಸ್ಕೂಟರಿನಲ್ಲಿ ಎರಡು ಗೋಣಿಚೀಲ ಹೇರಿಕೊಂಡು ಬಂದ. “ನೀವೇ ಹೇಳಿದ್ರಲ್ಲ ಭಾವ, ಭೂತಾಯಿ ಸೆರಗು ಅಂತ. ನಮ್ಮನೇಲಿ ಇಷ್ಟಿತ್ತು.” ವಾರ ಮುಗಿಯುವಷ್ಟರಲ್ಲಿ ಗುರುತಿಲ್ಲದವರೂ ಆಟೋದಲ್ಲಿ ಬಂದು, “ಚೀಲ ಕಾಪಾಡೋ ಸಾರ್ ಮನೆ ಇದೇನಾ?” ಎನ್ನತೊಡಗಿದರು. ಹೋದವು ನೂರಿಪ್ಪತ್ತು, ಬಂದವು ಏಳುನೂರಕ್ಕೂ ಮಿಕ್ಕಿ. ಹೊಸ ಮನೆಯ ಹಾಲು ಉಕ್ಕಿಸಿದ ಕೋಣೆಯಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ.

“ಅಪ್ಪಾ,” ಎಂದಳು ಮಗಳು ಕೀರ್ತನಾ, “ಕಳಿಸಿದ ಚೀಲ ನೆಂಟರನ್ನ ಕರ್ಕೊಂಡು ವಾಪಸ್ ಬರೋದನ್ನ ನಿಮ್ ಚಕ್ರದಲ್ಲಿ ಸೇರಿಸಿರ್ಲಿಲ್ವಾ?”

ಲಕ್ಷ್ಮಿದೇವಮ್ಮ ಮಾತ್ರ ಜಗಳ ಆಡಲಿಲ್ಲ. ಅದೇ ಅವನಿಗೆ ಭಯ ಹುಟ್ಟಿಸಿತು. ಒಂದು ಬೆಳಿಗ್ಗೆ ಇಲಿ ಕಡಿದ ಚೀಲವೊಂದನ್ನು ಎತ್ತಿ ಹಿಡಿದು ಮೆಲ್ಲಗೆ ಹೇಳಿದಳು: “ಪಾಪ ಅಲ್ವೇನ್ರೀ? ಅಷ್ಟು ನೀರು ಕುಡಿದ ಹತ್ತಿ, ಇಲಿ ಬಾಯಿಗೆ. ಕಾಪಾಡ್ತೀನಿ ಅಂತ ಮೈಕಲ್ಲಿ ಹೇಳಿದೀರಿ. ಒಂದು ಬೀರು ಬೇಕು.”

ಅವಳಾಡಿದ ಒಂದೊಂದು ಮಾತೂ ಅವನದೇ.

ಮಾಗಡಿ ರಸ್ತೆಯ ವರ್ಕ್‌ಶಾಪಿನಿಂದ ಟೆಂಪೋದಲ್ಲಿ ಬೀರು ಬಂತು. ಆರೂವರೆ ಅಡಿ ಎತ್ತರ, ಗಟ್ಟಿ ಕಬ್ಬಿಣ, ನಾಲ್ಕು ಜನ ಉಸಿರು ಬಿಡುತ್ತಾ ಮೇಲೆ ಹೊತ್ತರು. ಹಳದಿ ಬಣ್ಣದ ಜೋಡಿ ಬಾಗಿಲು. ಒಂದರ ಮೇಲೆ ‘ಲಕ್ಷ್ಮಿದೇವಮ್ಮ’, ಇನ್ನೊಂದರ ಮೇಲೆ ‘ಕಾಂತರಾಜು’. ಕೆಂಪಕ್ಷರ, ಒಂದೊಂದೂ ಗೇಣುದ್ದ.

ಕಾಂತರಾಜು ಅಂಗೈಯಲ್ಲಿ ಆ ತಣ್ಣನೆಯ ಕಬ್ಬಿಣ ಮುಟ್ಟಿ ನೋಡಿದ. ಗಣಿ ಕಂಡಿತು, ಕುಲುಮೆ ಕಂಡಿತು, ಹೊಗೆ ಕಂಡಿತು. ಅವಳು ಕೇಳಿದ ನೂರಿಪ್ಪತ್ತು ಚೀಲಗಳು ಇದರ ಪಕ್ಕದಲ್ಲಿ ಹೂವಿನ ಹಾಗೆ ಹಗುರವಾಗಿ ಕಂಡವು. ಜೇಬಿನಿಂದ ಪೆನ್ಸಿಲ್ ತೆಗೆದ, ಮತ್ತೆ ಒಳಗಿಟ್ಟ.

ಲಕ್ಷ್ಮಿದೇವಮ್ಮ ಬಾಗಿಲು ತೆಗೆದಳು, ಹಾಕಿದಳು. ಹೆಸರು ಬೇರೆಯಾಯಿತು, ಕೂಡಿಕೊಂಡಿತು. ಮತ್ತೆ ತೆಗೆದಳು, ಮತ್ತೆ ಹಾಕಿದಳು. ಮುಖದಲ್ಲಿ ಮದುವೆ ಹೆಣ್ಣಿನ ಕಳೆ.

“ರೀ, ಈ ಬೀರು ತಾನು ಹುಟ್ಟಿದ ಪಾಪ ಕಳ್ಕೋಬೇಕು ಅಂದ್ರೆ ಎಷ್ಟು ಸಲ ತೆಗೆದು ಹಾಕ್ಬೇಕು? ಕೂತ್ಕೊಂಡು ಎಣಿಸ್ತಾ ಇರಿ,” ಎಂದು ಏಳುನೂರು ಚೀಲಗಳ ರಾಶಿಯನ್ನು ಅವನ ಮಡಿಲಿಗೆ ನೂಕಿದಳು. “ಹಂಗೇ ಇವನ್ನೂ ಮಡಚಿ. ಒಳಮೈ ಒಳಗೆ ಇರ್ಲಿ.”