ಬಟ್ಟಲು ಬರಿದಾಗುವ ತನಕ

ಮಲಪ್ರಭೆಯ ಕಡೆಯಿಂದ ಎದ್ದ ಮಂಜು ಆ ದಿನ ಬೆಳಿಗ್ಗೆ ಮುನವಳ್ಳಿಯ ಓಣಿಗೆ ಇಳಿದು, ಕರೆಯದೆ ಬಂದ ಬೀಗರ ಹಾಗೆ ಕಟ್ಟೆ ಕಟ್ಟೆಯ ಮೇಲೂ ಕುಳಿತುಬಿಟ್ಟಿತ್ತು. ಆ ಥಂಡಿಗೆ ದರ್ಜಿ ಶಟ್ಟೆಪ್ಪನ ಎರಡು ವರ್ಷದ ಮಗಳು ಲಗಮವ್ವ ಎದ್ದವಳೇ ಕೆಮ್ಮಿದಳು. ಅವಳ ಹಿಂದೆಯೇ ಶಟ್ಟೆಪ್ಪನೂ ಕೆಮ್ಮಿದ. ಆದರೆ ಅವನ ಪ್ರಕಾರ ಅದು ಕೆಮ್ಮಲ್ಲ. ಹೊಲಿಯುವ ಅರಿವೆಯ ಧೂಳು ಗಂಟಲಿಗೆ ಹೋಗಿದೆ ಎಂದು ದೀಪಾವಳಿಯಿಂದ ಹೇಳುತ್ತ ಬಂದಿದ್ದ. ಔಷಧವೆಂದರೆ ಅವನಿಗೆ, ಲಾಳ ಹೊಡೆಸಿಕೊಳ್ಳಲು ಕೆಡವಿದ ಎತ್ತಿನಷ್ಟು ಭಯ.

ಹಿಂದಿನ ದಿನ ಡಾಕ್ಟರು ಕೂಸಿನ ಎದೆಗೆ ನಳಿಗೆ ಇಟ್ಟು ನೋಡಿ, ಬರೀ ನೆಗಡಿಯ ಕೆಮ್ಮು ಅಂದಿದ್ದರು. ಬೆಚ್ಚಗಿನ ನೀರು, ತೆಳ್ಳನೆಯ ಗಂಜಿ, ಮಲಗುವಾಗ ಅರ್ಧ ಚಮಚೆ ಜೇನು ಸಾಕು. ಕಷಾಯ, ಕರ್ಪೂರ ಯಾವುದೂ ಬೇಡ. ಉಸಿರು ಜೋರಾದರೆ, ಪಕ್ಕೆ ಸೆಳೆದರೆ, ನೀರು ಒಲ್ಲೆನೆಂದರೆ ಕೂಡಲೇ ಎತ್ತಿಕೊಂಡು ಬರಬೇಕು. ಇಷ್ಟು ಹೇಳಿ ಕನ್ನಡಕದ ಮೇಲಿಂದ ಶಟ್ಟೆಪ್ಪನನ್ನೂ ಒಮ್ಮೆ ನೋಡಿ, ಅವನ ಹೆಂಡತಿ ಕೃಷ್ಣವ್ವನನ್ನು ಹಿಂದೆ ನಿಲ್ಲಿಸಿಕೊಂಡು ಏನೋ ಅಂದಿದ್ದರು.

ಕೃಷ್ಣವ್ವ ಬಸುರಿ ತಂಗಿಯ ಕುಬಸದ ಕಾರ್ಯಕ್ಕೆಂದು ಸವದತ್ತಿಯ ಬಸ್ಸು ಹಿಡಿಯುವ ಮುಂಚೆ ಬಾಗಿಲಲ್ಲಿ ನಿಂತು ಹೇಳಿದಳು: "ಯಾರ ಏನ ತಂದ್ರೂ ಕೂಸಿಗೆ ಹಾಕಬ್ಯಾಡ್ರಿ ಮತ್ತ."

"ಜೀವಾ ಹೋದ್ರೂ ಹಾಕೂದಿಲ್ಲ," ಎಂದ ಶಟ್ಟೆಪ್ಪ.

ಜೇನಿನ ಬಾಟಲಿ ಗೋಡೆಯ ಗೂಡಿನಲ್ಲಿ ಇರಲಿಲ್ಲ. ಸೋಮವಾರದ ಅಭಿಷೇಕಕ್ಕೆಂದು ಪಕ್ಕದ ಮನೆಯ ಮುದುಕಿ ಬಾಯವ್ವ ಒಯ್ದದ್ದು ನೆನಪಾಯಿತು. ದೇವರಿಗೆ ಹೋದದ್ದನ್ನು ಹೇಗೆ ಕೇಳುವುದೆಂದು ಅವನು ಯೋಚಿಸುತ್ತಿರುವಾಗಲೇ ಬಾಯವ್ವನೇ ಬಂದಳು. ಕೈಯಲ್ಲಿ ಜೇನಲ್ಲ, ಹೊಗೆಯಾಡುವ ಹಿತ್ತಾಳೆ ಬಟ್ಟಲು.

"ಮೆಣಸು, ಒಣ ಶುಂಠಿ. ಶಿವನ ಹೆಸರ ಹೇಳಿ ಕುದಿಸೇನಿ. ಕೂಸಿಗೆ ಕುಡಸಪಾ. ಇಲ್ಲೇ ಕುಂತಿರತೇನಿ."

ಔಷಧ ತಂದವರು ಬರಿದಾದ ಬಟ್ಟಲು ಒಯ್ಯುವ ತನಕ ಏಳಬಾರದು, ಬಟ್ಟಲು ಉಳಿದರೆ ರೋಗವೂ ಉಳಿಯುತ್ತದೆ ಎಂಬುದು ಆ ಓಣಿಯ ನಂಬಿಕೆ. ಶಟ್ಟೆಪ್ಪ ಒಳಗೆ ಹೋದ. ಬಚ್ಚಲಿಗೆ ಸುರುವೋಣವೆಂದರೆ ಅದರ ನೀರು ಹೊರಬೀಳುವುದು ಬಾಯವ್ವ ಕುಳಿತ ಕಟ್ಟೆಯ ಕೆಳಗೇ. ಮೇಲಾಗಿ ಅವಳು ಶಿವನ ಹೆಸರು ಹೇಳಿ ಕುದಿಸಿದ್ದು; ಚೆಲ್ಲಿದರೆ ಪಾಪ. ಕೂಸನ್ನು ನೋಡಿದ. ಅದು ಬೆಚ್ಚಗಿನ ನೀರು ಕುಡಿದು ಅರಿವೆಯ ಚೂರು ಹಿಡಿದು ಆಡುತ್ತಿತ್ತು. ಕಣ್ಣು ಮುಚ್ಚಿ ಬಟ್ಟಲನ್ನು ತನ್ನ ಗಂಟಲಿಗೇ ಎತ್ತಿದ.

ಒಳಗೆ ಯಾರೋ ಒಲೆ ಹೊತ್ತಿಸಿದಂತಾಯಿತು. ಅವನು ಕೆಮ್ಮಿದ ರಭಸಕ್ಕೆ ಜಂತಿಯ ಮೇಲಿನ ಗುಬ್ಬಿಗಳು ಎದ್ದವು. ಔಷಧ ಮುಗಿದರೂ ನೆರೆಮನೆಯ ಬಟ್ಟಲನ್ನು ಹಾಗೇ ಮರಳಿಸಬಾರದೆಂದು ಒಂದು ಹರಳು ಬೆಲ್ಲ ಹಾಕಿ ಕೊಟ್ಟ.

ಆ ಕೆಮ್ಮು ಎದುರುಮನೆಗೆ ಕೇಳಿತು. ಮಾಸ್ತರರ ಹೆಂಡತಿ ಯಮುನಾಬಾಯಿ ಅಜವಾನ, ಬಳ್ಳೊಳ್ಳಿಯ ಕಷಾಯ ತಂದರು. ಎರಡು ವರ್ಷದ ಕೂಸಿಗೆ ಇಷ್ಟು ದೊಡ್ಡ ಲೋಟ ಯಾಕೆಂದು ಶಟ್ಟೆಪ್ಪನಿಗೆ ಅನ್ನಿಸಿತು, ಕೇಳುವ ಧೈರ್ಯವಾಗಲಿಲ್ಲ. ಅದೂ ಅದೇ ದಾರಿ ಹಿಡಿಯಿತು. ಕೆಮ್ಮು ಮತ್ತೂ ಜೋರಾಯಿತು.

ಮಧ್ಯಾಹ್ನ ಓಣಿಯ ತುದಿಮನೆಯ ಉಳವಪ್ಪ ಕಾಕಾ ಆಡುಸೋಗೆ ಸೊಪ್ಪು ಕುದಿಸಿ ಒಂದು ತಂಬಿಗೆ ಹಿಡಿದು ಬಂದ. "ಕೂಸಿನ ಕೆಮ್ಮಿನ ದನಿ ಭಾಳ ದಪ್ಪ ಆಗೇತಲೋ," ಎಂದ ಮುಖ ಗಂಟು ಹಾಕಿಕೊಂಡು. "ಮೀಸಿ ಬಂದ ಗಂಡಸು ಕೆಮ್ಮಿದಂಗ ಕೇಳಸತೈತಿ."

ಶಟ್ಟೆಪ್ಪ ತಂಬಿಗೆ ತೆಗೆದುಕೊಂಡು ಒಳಗೆ ನಡೆದ. ಆಡುಸೋಗೆಯ ಕಹಿಗೆ ಅವನ ಹಿರಿಯರೆಲ್ಲ ಕಣ್ಣ ಮುಂದೆ ಸಾಲಾಗಿ ನಿಂತರು.

ಹೊತ್ತಿಳಿದಾಗ ಕೃಷ್ಣವ್ವ ಬಂದಳು. ಲಗಮವ್ವ ಗಂಜಿ ಕುಡಿದು, ಆಗೊಮ್ಮೆ ಈಗೊಮ್ಮೆ ಸಣ್ಣಗೆ ಕೆಮ್ಮುತ್ತ ನಗುತ್ತಿದ್ದಳು. ಶಟ್ಟೆಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಕಟ್ಟೆಯ ಮೇಲೆ ಮೂವರೂ ನೆರೆದಿದ್ದರು.

"ಇವ್ರು ಎಲ್ಲಾ ಕುಡದ್ರೇನ್ರಿ?" ಎಂದು ಕೃಷ್ಣವ್ವ ಅವರನ್ನು ಕೇಳಿದಳು.

"ಒಂದ ಹನಿ ಬಿಟ್ಟಿಲ್ಲ," ಎಂದರು ಯಮುನಾಬಾಯಿ, ಸೆರಗು ಬಾಯಿಗೆ ಹಿಡಿದು.

ಶಟ್ಟೆಪ್ಪ ಒಬ್ಬೊಬ್ಬರ ಮುಖ ನೋಡಿದ. ಕೃಷ್ಣವ್ವ ಅವನ ಪಕ್ಕದಲ್ಲಿ ಕುಳಿತಳು. "ಕೂಸಿಗೆ ಕೆಮ್ಮ ಅಪ್ಪನಿಂದ ಬಂದೈತಿ, ಮೊದಲ ಅವ್ರಿಗೆ ಏನರೆ ಮಾಡ್ರಿ ಅಂದ್ರು ಡಾಕ್ಟರ್. ನಾ ಕೊಟ್ರ ಕುಡೀತಿದ್ರೇನು? ಅದಕ್ಕ ಇವ್ರಿಗೆಲ್ಲಾ ಹೇಳಿ ಹೋಗಿದ್ದೆ. ಕೂಸಿಗೆ ಹಾಕಂಗಿಲ್ಲ, ದೇವರ ಹೆಸರಿಂದ ಕುದಿಸಿದ್ದು ಚೆಲ್ಲಂಗಿಲ್ಲ. ಮತ್ತ ಎಲ್ಲಿಗೆ ಹೋಗಬೇಕ ಕಷಾಯ?"

ಶಟ್ಟೆಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಆದರೆ ತನ್ನೊಬ್ಬನ ಗಂಟಲಿಗಾಗಿ ಬೆಳಗಿನಿಂದ ಮೂರು ಮನೆಯ ಒಲೆ ಉರಿದದ್ದು ನೆನೆದು ಅವನ ಕಣ್ಣು ತುಂಬಿದವು. ದೇವರೇ ಓಣಿಯ ಮಂದಿಯಾಗಿ ಬಂದು ಕಟ್ಟೆಯ ಮೇಲೆ ಕುಳಿತ ಹಾಗೆ ಕಂಡಿತು. ಎರಡೂ ಕೈ ಜೋಡಿಸಿ ಉಪಕಾರವಾಯಿತು ಎನ್ನಲು ಬಾಯಿ ತೆರೆದ. ಬಂದದ್ದು ಕೆಮ್ಮು.

"ಇನ್ನೂ ಐತಿ," ಎಂದ ಉಳವಪ್ಪ ತೃಪ್ತಿಯಿಂದ. "ನಾಳೆ ಮತ್ತ ತರೂಣು."

ಅಷ್ಟರಲ್ಲಿ ಬಾಯವ್ವ ಸೆರಗಿನ ಮರೆಯಿಂದ ಜೇನಿನ ಬಾಟಲಿ ತೆಗೆದಳು. ಒಯ್ಯುವಾಗ ಅರ್ಧವಿದ್ದದ್ದು ಈಗ ಕೊರಳ ಮಟ ತುಂಬಿತ್ತು. ಉರಿಯುವ ಗಂಟಲಿಗೆ ಕಡೆಗೂ ಶಿವ ಕಣ್ಣು ತೆರೆದನೆಂದು ಶಟ್ಟೆಪ್ಪ ಕೈ ಚಾಚಿದ. ಬಾಯವ್ವ ಆ ಕೈಯನ್ನು ದಾಟಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಕೃಷ್ಣವ್ವನ ಮಡಿಲಲ್ಲಿ ಬಾಟಲಿಯನ್ನು ಸದ್ದಿಲ್ಲದೆ ಇಟ್ಟಳು.