ಮಾವನ ನೆರಳಿನ ಕಲ್ಲು

ಸೂರ್ಯನೊಂದಿಗೆ ಮಾತು ಬಿಟ್ಟಿದ್ದ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಅವನು ನನ್ನ ಸೋದರಮಾವ.

ಊರೆಲ್ಲ ಬೆಳಿಗ್ಗೆ ಎದ್ದು ಮೂಡಣಕ್ಕೆ ಕೈಮುಗಿದರೆ ಮಾವ ಆ ದಿಕ್ಕಿಗೆ ಬೆನ್ನು ಕೊಟ್ಟು ಹಲ್ಲು ತಿಕ್ಕುತ್ತಿದ್ದ. ಸೂರ್ಯನ ಹೆಸರನ್ನೂ ಹೇಳುತ್ತಿರಲಿಲ್ಲ, 'ಅಂವ' ಅನ್ನುತ್ತಿದ್ದ. ಬದು ಒತ್ತಿದ ಪಕ್ಕದ ಹೊಲದವನ ಬಗ್ಗೆ ಜನ ಹೇಗೆ ಮಾತಾಡುತ್ತಾರೋ ಹಾಗೆ. "ಬಂದ ನೋಡು ಅಂವ. ಇವತ್ತ ಯಾರ ಮನಿ ಮುರ್ಯಾಕ ಬಂದಾನೋ."

ಎರಡನೆಯ ಮಹಾ ಲಡಾಯಿ ನಡೆದಿದ್ದ ವರ್ಷಗಳವು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ರಸ್ತೆಗೆ ಗಬ್ಬೂರಿನ ಹತ್ತಿರ ಖಡಿ, ಅಂದರೆ ಜಲ್ಲಿಕಲ್ಲು, ಹಾಕುವ ಕೆಲಸ ನಡೆದಿತ್ತು. ನಲವತ್ತು ಜನರ ತಂಡ. ಗಂಡಸರು ಕಲ್ಲು ಒಡೆಯುತ್ತಿದ್ದರು, ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಸುರಿಯುತ್ತಿದ್ದರು. ಮಾವ ಅವರಿಗೆ ಮೇಸ್ತ್ರಿ. ನಾನು ರಾಯಚೂರಿನಲ್ಲಿ ಹೈಸ್ಕೂಲು ಮುಗಿಸಿ, ಮಾವನ ವಶೀಲಿಯಿಂದಲೇ ಅಲ್ಲಿ ಹಾಜರಿ ಬರೆಯುತ್ತಿದ್ದೆ. ಇಪ್ಪತ್ತನಾಲ್ಕು ವಯಸ್ಸು, ಹೊಸದಾಗಿ ಮದುವೆ, ತಲೆಗೆ ಎಣ್ಣೆ, ಕಿವಿಯ ಮೇಲೆ ಪೆನ್ಸಿಲು, ಕೂತುಕೊಳ್ಳಲು ಹುಣಸೆಮರದ ನೆರಳು. ಬಿಸಿಲೆಂದರೆ ನನಗೆ ದೂರದಿಂದ ನೋಡುವ ವಸ್ತು.

ಮಾವನಿಗೆ ಹಾಗಲ್ಲ. ನಾನು ಹುಟ್ಟುವ ಮೊದಲೇ ಅವನ ತಮ್ಮ ಒಂದು ಬೇಸಿಗೆಯ ಮಧ್ಯಾಹ್ನ ಬಾವಿ ತೋಡುತ್ತ ಬಿದ್ದವನು ಮತ್ತೆ ಏಳಲಿಲ್ಲವಂತೆ. ಅಂದಿನಿಂದ ಮಾವನದು ಒಂದೇ ಹಟ: ತನ್ನ ಕೈಕೆಳಗೆ ದುಡಿಯುವ ಒಬ್ಬರೂ ಬಿಸಿಲಿಗೆ ಬೀಳಬಾರದು. ಮೇಸ್ತ್ರಿಯಾದ ಮೇಲೆ ಹದಿನೈದು ಬೇಸಿಗೆ ಹಾಗೆ ಕಳೆದಿದ್ದ. ಅದೊಂದೇ ಅವನ ಆಸ್ತಿ.

ಆ ಹಟಕ್ಕೆ ಅವನು ಹಾಕುತ್ತಿದ್ದ ವೇಷ ಮಾತ್ರ ನೋಡುವಂಥದ್ದು. ಹನ್ನೆರಡು ಮೊಳದ ರುಮಾಲನ್ನು ನೀರಲ್ಲಿ ಅದ್ದಿ, ಹಿಂಡದೆ, ಹಾಗೆಯೇ ಸುತ್ತುತ್ತಿದ್ದ. ಅದರ ಮಡಿಕೆಗಳಲ್ಲಿ ನಾಲ್ಕು ಉಳ್ಳಾಗಡ್ಡಿ. ಅವನು ಬರುವ ಮೊದಲು ವಾಸನೆ ಬರುತ್ತಿತ್ತು. ಸಂಜೆ ಅದೇ ಉಳ್ಳಾಗಡ್ಡಿಯನ್ನು ಗುದ್ದಿ ರೊಟ್ಟಿಗೆ ನೆಂಚಿಕೊಳ್ಳುತ್ತಿದ್ದ.

"ತಲಿ ಮ್ಯಾಲಿನ ಝಳ ಎಲ್ಲಾ ಇದು ಕುಡದದ," ಅನ್ನುತ್ತಿದ್ದ.

"ಹಂಗಾದ್ರ ತಿಂದ್ರ ಆ ಝಳ ನಿನ್ನ ಹೊಟ್ಟಿಗೆ ಹೋಗಂಗಿಲ್ಲೇನು ಮಾವಾ?" ಅಂತ ನಾನು ಕೇಳಿದೆ.

ಇನ್ನೊಂದು ಚೂರು ಉಳ್ಳಾಗಡ್ಡಿ ಬಾಯಿಗೆ ಹಾಕಿಕೊಂಡ. "ಹೋಗ್ಲಿ ಬಿಡು. ಹೊಟ್ಟ್ಯಾಗ ನೆಳ್ಳು ಇರ್ತದ."

ಇಂಥವನನ್ನು ಮದುವೆಗೆ ಕರೆದುಕೊಂಡು ಹೋಗುವುದು ಹೇಗೆ ಹೇಳಿ? ಮಾನ್ವಿಯಲ್ಲಿ ನಮ್ಮ ಸಂಬಂಧಿಕರ ಮದುವೆ, ತುಂಬು ಬೇಸಿಗೆ. ಮದುಮಗನನ್ನು ಮೆರವಣಿಗೆಯಲ್ಲಿ ಕರೆತರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮಾವ ನಡುದಾರಿಯಲ್ಲಿ ಅಡ್ಡ ನಿಂತು ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂಡಿಸಿದ. ಹಲಗೆ ಬಡಿಯುವವರಿಗೆ ಮಜ್ಜಿಗೆ ಕುಡಿಸಿದ. ಆಮೇಲೆ ಮದುಮಗನ ಬಾಸಿಂಗ ಎತ್ತಿ ಒಂದು ಉಳ್ಳಾಗಡ್ಡಿ ತುರುಕಿದ. ಮುಹೂರ್ತ ಮೀರುತ್ತಿದೆ ಎಂದು ಅಯ್ಯನವರು ಕೂಗಿದರೆ, "ಮುಹೂರ್ತ ನಾಳಿಗೂ ಸಿಗ್ತದರೀ ಅಯ್ಯನವರ, ಮದುಮಗ ಸಿಗಂಗಿಲ್ಲ," ಅಂದ. ಹೆಣ್ಣಿನವರು ನಮ್ಮನ್ನು, "ಇವ್ರು ಯಾರ್ರೀ?" ಅಂತ ಕೇಳಿದರು. ನಾವು, "ನಿಮ್ಮ ಕಡಿಯವ್ರಲ್ಲೇನ್ರಿ?" ಅಂದೆವು. ಆ ಮದುವೆಯಲ್ಲಿ ಮಾವ ಯಾರ ಕಡೆಯವನೂ ಆಗದೆ ಎರಡು ಸಲ ಊಟ ಮಾಡಿ ಬಂದ.

ಬಸ್ಸಿನ ಕತೆ ಇನ್ನೂ ಚಂದ. ಪೆಟ್ರೋಲು ಸಿಗದ ಕಾಲ. ಇದ್ದಲಿನ ಹೊಗೆಯಿಂದ ಓಡುವ ಬಸ್ಸು ದಿನಕ್ಕೊಂದು ಬರುತ್ತಿತ್ತು. ಹಿಂದೆ ಇದ್ದಲಿನ ಒಲೆ, ಮುಂದೆ ಎಂಜಿನ್ನು, ನಡುವೆ ಪಾಪದ ಜನ. ರಸ್ತೆ ಕೆಲಸದವರ ಕೆಂಪು ಬಟ್ಟೆ ಮಾವನ ಕೈಯಲ್ಲಿತ್ತಲ್ಲ, ಬೀಸಿ ನಿಲ್ಲಿಸುತ್ತಿದ್ದ. ಡ್ರೈವರ್ ಮುಂದೆ ರಸ್ತೆ ಅಗೆದಿದೆಯೆಂದು ಹೆದರಿ ಇಳಿದರೆ ಮಾವ ನೀರಿನ ಗಡಿಗೆ ಹಿಡಿದು ನಿಂತಿರುತ್ತಿದ್ದ. ಪ್ರತಿಯೊಬ್ಬರೂ ಒಂದು ತಂಬಿಗೆ ಕುಡಿಯದ ಹೊರತು ಕೆಂಪು ಬಟ್ಟೆ ಕೆಳಗಿಳಿಯುತ್ತಿರಲಿಲ್ಲ.

ಒಮ್ಮೆ ಜರಿ ರುಮಾಲಿನ ಯಜಮಾನರೊಬ್ಬರು ತಂಬಿಗೆ ಮುಟ್ಟಲು ಅನುಮಾನಿಸಿದರು. "ಈ ನೀರು ಯಾರು ತಂದಾರ?"

"ಕೊಡ ತಂದದರೀ."

"ಅದಲ್ಲೋ. ಯಾವ ಮಂದಿ ತಂದಾರ?"

"ಬಾವ್ಯಾಗ ಇದ್ದಾಗ ಅದೂ ಇದನ್ನ ಕೇಳಿದ್ದಿಲ್ರಿ. ಕುಡೀರಿ, ಬಸ್ಸು ನಿಮ್ಮ ಸಲುವಾಗಿ ನಿಂತದ."

ಬಸ್ಸಿನ ಜನವೆಲ್ಲ ಅವರತ್ತಲೇ ನೋಡುತ್ತಿದ್ದರು. ಯಜಮಾನರು ಕಣ್ಣು ಮುಚ್ಚಿಕೊಂಡು ಕುಡಿದರು. ಆಮೇಲೆ ಕಣ್ಣು ಬಿಟ್ಟು ಇನ್ನೊಂದು ತಂಬಿಗೆ ಕೇಳಿದರು.

ಇವೆಲ್ಲ ಸಹಿಸಬಹುದಿತ್ತು. ನಾನು ತಲೆ ತಗ್ಗಿಸುತ್ತಿದ್ದದ್ದು ಮುಂಜಾನೆಯ ವಿಚಾರಣೆಗೆ. ಹಾಜರಿ ಕರೆಯುವ ಮೊದಲು ಮಾವ ಒಬ್ಬೊಬ್ಬ ಗಂಡಸನ್ನೂ ನಿಲ್ಲಿಸಿ, "ಉಚ್ಚಿ ಯಾವ ಬಣ್ಣ ಇತ್ತಲೇ?" ಅಂತ ಕೇಳುತ್ತಿದ್ದ. ತಿಳಿ ನೀರಿನಂತಿದ್ದರೆ ಕೆಲಸ, ಹಳದಿಯಾದರೆ ಎರಡು ತಂಬಿಗೆ ಮಜ್ಜಿಗೆ, ಕೆಂಪಿಗೆ ತಿರುಗಿದ್ದರೆ ಆ ದಿನ ನೆರಳಲ್ಲಿ ಕೂತು ಸುತ್ತಿಗೆಗಳಿಗೆ ಹಿಡಿಕೆ ಹಾಕುವ ಕೆಲಸ. ಹೆಂಗಸರ ವರದಿ ದುರುಗವ್ವ ತರುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಅವಳ ಮಗ ಹನುಮನೂ ತಂಡದಲ್ಲೇ ಇದ್ದ. "ನಮ್ಮವ್ರು ಎಲ್ಲಾ ತಿಳಿ ಅದಾರ ಯಪ್ಪಾ, ನೀ ಇನ್ನ ಸುಮ್ಕಿರು," ಅನ್ನುತ್ತಿದ್ದಳು. ಹೈಸ್ಕೂಲು ಓದಿದ ನಾನು ಆಗ ಪೆನ್ಸಿಲು ಕೆತ್ತುತ್ತಿದ್ದೆ. ನನ್ನ ಪೆನ್ಸಿಲು ಬಹಳ ಬೇಗ ಸವೆಯಿತು.

ಹೀಗಿರಲು ಒಂದು ದಿನ ಗುತ್ತೇದಾರರು ಟಾಂಗಾದಲ್ಲಿ ಬಂದರು. ಉರಿಯುವ ಬೇಸಿಗೆಯಲ್ಲಿ ಕರಿ ಉಣ್ಣೆಯ ಕೋಟು, ಕುತ್ತಿಗೆವರೆಗೂ ಗುಂಡಿ. ಅವರ ರಾಯಚೂರಿನ ಕಚೇರಿಯಲ್ಲಿ ಒಂದು ಕಾರಕೂನನ ಜಾಗ ಖಾಲಿ ಇತ್ತು. ಅದಕ್ಕಾಗಿ ನಾನು ತಿಂಗಳಿಂದ ಅವರ ಮುಂದೆ ವಿನಯದ ಮೂರ್ತಿಯಾಗಿದ್ದೆ. ಮಾವ ಟಾಂಗಾದ ಹತ್ತಿರ ಹೋಗಿ, ಅವರ ಮುಖ ನೋಡಿ, ಕೋಟು ನೋಡಿ, ಬಹಳ ಕಳವಳದಿಂದ ಕೇಳಿದ:

"ತಪ್ಪ ತಿಳೀಬ್ಯಾಡ್ರಿ ಧಣಿ. ಮುಂಜಾನಿ ಉಚ್ಚಿ ಯಾವ ಬಣ್ಣ ಇತ್ತರೀ?"

ಟಾಂಗಾದ ಕುದುರೆ ಕೂಡ ತಲೆ ತಿರುಗಿಸಿ ನೋಡಿತು ಅಂದರೆ ನೀವು ನಂಬಬೇಕು.

ಗುತ್ತೇದಾರರು ನನ್ನನ್ನು ಪಕ್ಕಕ್ಕೆ ಕರೆದರು. "ಈ ಹುಚ್ಚನಿಂದ ಕೆಲಸ ಆಗೋದು ಹ್ಯಾಂಗ? ಮಧ್ಯಾಹ್ನ ಪೂರಾ ಮಂದೀನ ಮಲಗಿಸ್ತಾನಂತ. ಗುರುವಾರ ಮತ್ತ ಬರ್ತೀನಿ. ಅಷ್ಟ್ರಾಗ ಖಡಿ ಹಳ್ಳದ ದಂಡಿ ಮುಟ್ಟಿರಬೇಕು. ಮುಟ್ಟಿದ್ರ ಕಚೇರಿಗೆ ಬಾ. ಇಲ್ಲಂದ್ರ ಮಾವ, ಅಳಿಯ ಇಬ್ರೂ ಬ್ಯಾರೆ ಕೆಲಸ ನೋಡ್ಕೊಳ್ರಿ."

ಅವರು ಹೇಳಿದ ಮಧ್ಯಾಹ್ನದ ಬಿಡುವಿಗೆ ಮಾವನದೇ ಒಂದು ಪದ್ಧತಿಯಿತ್ತು. ತಂಡದಲ್ಲಿ ಗಡಿಯಾರ ಇದ್ದವನು ನಾನೊಬ್ಬನೇ, ಮದುವೆಯಲ್ಲಿ ಹೆಂಡತಿಯ ತವರಿನವರು ಕೊಟ್ಟದ್ದು, ಅದು ನಡೆಯುತ್ತಿರಲಿಲ್ಲ. ಹಾಗಾಗಿ ಮಾವ ದಿನಾ ನಸುಕಿನಲ್ಲಿ ನನ್ನ ಮರದ ಪಕ್ಕದ ಬಯಲಲ್ಲಿ ಒಂದು ಹಾರೆಯನ್ನು ನೆಟ್ಟಗೆ ನೆಡುತ್ತಿದ್ದ. ಅದರ ಬುಡದಿಂದ ಪಡುವಣಕ್ಕೆ ಮೂರು ಗೇಣು ಅಳೆದು ಒಂದು ಬಿಳಿ ಕಲ್ಲು ಇಡುತ್ತಿದ್ದ. ಹೊತ್ತು ಏರಿದಂತೆ ಹಾರೆಯ ನೆರಳು ಕುಗ್ಗುತ್ತ ಬಂದು, ಅದರ ತುದಿ ಕಲ್ಲಿಗೆ ತಾಕಿದ ಕೂಡಲೇ ಬುಟ್ಟಿ ಕೆಳಗೆ. ಮತ್ತೆ ಇಳಿಹೊತ್ತಿಗೇ ಕೆಲಸ. ಮಾವ ದೂರದಲ್ಲಿ ಕಲ್ಲು ಒಡೆಯುವವರ ಹತ್ತಿರ ಇರುತ್ತಿದ್ದ. "ಅಳಿಯಾ, ನೆಳ್ಳು ಕಲ್ಲು ಮುಟ್ಟಿದ್ರ ಕೂಗು," ಅಂತ ನನಗೆ ಹೇಳಿ ಹೋಗುತ್ತಿದ್ದ. ಬುಟ್ಟಿ ಹೊತ್ತ ಹೆಂಗಸರೆಲ್ಲ ಹೋಗುತ್ತ ಬರುತ್ತ ಒಮ್ಮೆ ಆ ಕಲ್ಲಿನ ಕಡೆ ನೋಡುತ್ತಿದ್ದರು.

ನಾನು ಮೊದಲು ಮಾವನನ್ನೇ ಕೇಳಿಕೊಂಡೆ. "ಬರೀ ನಾಕು ದಿನ, ದಿನಕ್ಕ ಒಂದು ತಾಸು ಹೆಚ್ಚಿಗಿ ಮಾಡ್ಸು ಮಾವಾ. ನನ್ನ ನೌಕರಿ ಪ್ರಶ್ನಿ ಅದ."

"ನೌಕರಿ ಹ್ವಾದ್ರ ಇನ್ನೊಂದು ಸಿಗ್ತದ," ಅಂದ. ಎದ್ದು ಕಲ್ಲು ಒಡೆಯುವವರ ಕಡೆ ನಡೆದ.

ಈಗ ಹೇಳುತ್ತೇನೆ. ಇದುವರೆಗೆ ನನ್ನ ಹೆಂಡತಿಗೂ ಹೇಳಿಲ್ಲ. ಮರುದಿನ ಮಾವ ಅತ್ತ ಹೋದ ಮೇಲೆ ನಾನು ಎದ್ದು, ಮೈಮುರಿಯುವವನ ಹಾಗೆ ಅಡ್ಡಾಡಿ, ಕಾಲಿನಿಂದ ಆ ಕಲ್ಲನ್ನು ನಾಲ್ಕು ಬೆರಳು ಹಾರೆಯ ಕಡೆ ಸರಿಸಿದೆ. ನೆರಳು ಕಲ್ಲು ಮುಟ್ಟುವುದು ಅಷ್ಟು ತಡವಾಯಿತು, ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ದಿನ ಅದರ ಎರಡರಷ್ಟು ಸರಿಸಿದೆ. ಖಡಿ ಮುಂದೆ ಹೋಗತೊಡಗಿತು. ಮಾವ ಮಾತ್ರ ಆ ಮಧ್ಯಾಹ್ನ ಮರದ ಕೆಳಗೆ ಬಂದು ಕೂತು ತಲೆ ಕೆರೆದುಕೊಂಡ.

"ಅಂವ ಕಳ್ಳಾಟ ಆಡಾಕತ್ತಾನಲೇ. ಬೇಕಂತ ಮೆಲ್ಲಕ ನಡ್ಯಾಕತ್ತಾನ."

"ಅವನ ಮ್ಯಾಲ ಒಂದು ಅರ್ಜಿ ಕೊಡು ಮಾವಾ."

"ಬರೀ ನೀನು. ಸಾಲಿ ಕಲ್ತಾಂವ ನೀನ ಅಲ್ಲೇನು?"

ಸುತ್ತ ಕೂತವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಾನೇ ನಕ್ಕೆ.

ಮೂರನೆಯ ದಿನ ಒಂದು ಗೇಣಿಗೂ ಮಿಕ್ಕಿ ಸರಿಸಿದೆ. ಗಾಳಿ ಪೂರ್ತಿ ನಿಂತಿತ್ತು. ದಿನಾ ಬುಟ್ಟಿ ಇಳಿಸುವ ಹೊತ್ತು ಮೀರಿ ಮುಕ್ಕಾಲು ತಾಸಾಗಿರಬೇಕು. ದುರುಗವ್ವ ಬುಟ್ಟಿ ಸುರಿದವಳು ಹಿಂದಿರುಗಲಿಲ್ಲ. ಅಲ್ಲೇ ಕೂತು, ಸುರಿದ ಖಡಿಯನ್ನು ಎರಡೂ ಅಂಗೈಯಿಂದ ಮೆಲ್ಲಗೆ ಹರಡತೊಡಗಿದಳು. "ಜ್ವಾಳ ಇನ್ನಾ ಹಸಿ ಅದಾವ, ಒಣಗ್ಲಿ," ಅಂದಳು. ಹೆಂಗಸರು ನಕ್ಕರು. ನಾನೂ ನಕ್ಕೆ. ಆ ನಗು ಕೇಳಿ ದೂರದಲ್ಲಿದ್ದ ಮಾವ ತಿರುಗಿ ನೋಡಿದ. ಅವನು ನಗಲಿಲ್ಲ. ಅರವತ್ತರ ಹತ್ತಿರದ ಮನುಷ್ಯ ಹಾಗೆ ಓಡಿದ್ದನ್ನು ನಾನು ಅಂದೇ ನೋಡಿದ್ದು.

ಅವಳ ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ, ಮುಟ್ಟಿದರೆ ಕಾದ ಹಂಚು. ಮಾವ ಅವಳನ್ನು ಹುಣಸೆಮರದ ಕೆಳಗೆ ಮಲಗಿಸಿ, ತನ್ನ ರುಮಾಲು ಬಿಚ್ಚಿ ಹೊದಿಸಿ, ಗಡಿಗೆ ಗಡಿಗೆ ನೀರು ಸುರಿದ. ನಾಲ್ವರು ಸೆರಗಿನಿಂದ ಗಾಳಿ ಹಾಕಿದರು. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟು ಮಗನ ಹೆಸರು ಹಿಡಿದು ಕರೆದಳು. ಹನುಮ ಎದ್ದು ನಿಂತ.

"ಮೇಸ್ತ್ರಿ, ನಿನ್ನ ಕಲ್ಲು ನೋಡಿ ಹೊರ್ತೀವಿ, ನಿನ್ನ ಕಲ್ಲು ನೋಡಿ ಇಳಸ್ತೀವಿ. ತಲಿ ತಿರುಗ್ತದ ಅಂದ್ಲು ನಮ್ಮವ್ವ. ಕಲ್ಲು ಇನ್ನಾ ಮುಟ್ಟಿಲ್ಲ ಬೇ, ಇನ್ನೊಂದು ಬುಟ್ಟಿ ಹಾಕು ಅಂದೆ ನಾನು. ನನ್ನ ಬಾಯಿಲೆ ಅನ್ನಿಸಿದೆಲ್ಲೋ ಆ ಮಾತು."

ಮಾವ ಹಾರೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಬುಡದಿಂದ ಗೇಣು ಹಾಕಿದ. ಒಂದು. ಇನ್ನೊಂದು ಹಾಕುವಷ್ಟು ಜಾಗವಿರಲಿಲ್ಲ. ನಸುಕಿನಲ್ಲಿ ತಾನು ಕಲ್ಲು ಒತ್ತಿ ಇಟ್ಟಿದ್ದ ಕುಳಿಯ ಮೇಲೆ ಬೆರಳಾಡಿಸಿದ. ಆ ಕುಳಿಯಿಂದ ಕಲ್ಲಿನವರೆಗೆ ಧೂಳಲ್ಲಿ ಒಂದು ಗೆರೆ, ಅದರ ಪಕ್ಕದಲ್ಲಿ ಚಪ್ಪಲಿಯ ಗುರುತು. ಆ ತಂಡದಲ್ಲಿ ಚಪ್ಪಲಿ ಹಾಕುತ್ತಿದ್ದವನು ನಾನೊಬ್ಬನೇ. ಮಾವ ನನ್ನ ಕಡೆ ಒಮ್ಮೆ ನೋಡಿದ. ಅಂಗೈಯಿಂದ ಆ ಧೂಳನ್ನು ಸವರಿ ಎದ್ದು ಬಂದ.

"ತಪ್ಪು ನಂದಪ್ಪಾ," ಅಂದ, ಹನುಮನಿಗೆ. "ನಿದ್ದಿಗಣ್ಣಾಗ ಅಳತಿ ತಪ್ಪೀನಿ. ವಯಸ್ಸಾತು."

ನಾನು ಬಾಯಿ ತೆರೆಯಲಿಲ್ಲ. ತೆರೆಯಬಹುದಿತ್ತು, ಅಡ್ಡಿಯೇನೂ ಇರಲಿಲ್ಲ.

ಮುಂದಿನದು ನಮ್ಮ ಬಳಗಕ್ಕೆಲ್ಲ ಗೊತ್ತು. ಖಡಿ ಹಳ್ಳದ ದಂಡೆ ಮುಟ್ಟಿತು, ನಾನು ರಾಯಚೂರಿನ ಕಚೇರಿಗೆ ಹೋದೆ. ದುರುಗವ್ವ ಬದುಕಿದಳು, ಆದರೆ ಮತ್ತೆ ಬುಟ್ಟಿ ಹೊರಲಿಲ್ಲ. ಮಾವ ಹಾರೆ ನೆಟ್ಟರೂ ಜನ ಅದರತ್ತ ನೋಡುವುದನ್ನು ಬಿಟ್ಟರು. ವಾರದೊಳಗೆ ಮೇಸ್ತ್ರಿಕೆ ಬಿಟ್ಟು ಮಾನ್ವಿಯ ಮಗಳ ಮನೆ ಸೇರಿದ. ಅವನ ಉಳ್ಳಾಗಡ್ಡಿಯ ಕತೆ, ಬಸ್ಸಿನ ಕತೆ ಹೇಳಿ ಐವತ್ತು ಮದುವೆಗಳಲ್ಲಿ ಜನರನ್ನು ನಗಿಸಿದ್ದೇನೆ. ವಯಸ್ಸಾಗಿ ಅಳತೆ ತಪ್ಪಿದ್ದನ್ನೂ ಸೇರಿಸಿಯೇ ಹೇಳಿದ್ದೇನೆ.

ದುರುಗವ್ವನಿಗೆ ಬಿಸಿಲು ಬಡಿದ ಆ ಮಧ್ಯಾಹ್ನ ಜನರೆಲ್ಲ ಮರದ ಒಂದು ಪಕ್ಕ ಮಾವನಿಗೆ ಬೆನ್ನು ಮಾಡಿ ಕೂತಿದ್ದರು. ಇನ್ನೊಂದು ಪಕ್ಕ ಮಾವ, ಬರಿ ತಲೆ, ತೊಡೆಯ ಮೇಲೆ ದುರುಗವ್ವನ ತಲೆ. ಆ ಕಡೆ ಹೋಗಲು ನನಗೆ ಮುಖವಿರಲಿಲ್ಲ, ಈ ಕಡೆ ಕೂರಲು ಧೈರ್ಯವಿರಲಿಲ್ಲ. ಬಯಲಲ್ಲೇ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಮಾವ ತಲೆ ಎತ್ತಲಿಲ್ಲ. ದುರುಗವ್ವನ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಮಗ್ಗುಲು ಬದಲಿಸಿ ಹಾಕಿದ. ಆಮೇಲೆ ಕೂತಲ್ಲೇ ಒಬ್ಬರು ಹಿಡಿಯುವಷ್ಟು ಜಾಗ ಬಿಟ್ಟು ಸರಿದ.

"ನೆಳ್ಳಿಗೆ ಬಾರಲೇ ಅಳಿಯಾ," ಅಂದ. "ಝಳ ಬಡದೀತು."