ಪರ್ವತಕ್ಕೆ ಕನ್ನಡ ಕಲಿಸಿದ ಭಾವ

ಪರ್ವತಗಳು ಮನುಷ್ಯನಿಗೆ ವಿನಯ ಕಲಿಸುತ್ತವೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ನಮ್ಮ ಭಾವನವರನ್ನು ಕಂಡಿಲ್ಲ. ಅವರು ಪರ್ವತಕ್ಕೇ ಕನ್ನಡ ಕಲಿಸಿ ಬಂದವರು!

ನಮ್ಮಕ್ಕನ ಗಂಡನಾದ ಇವರು ಫೋರ್ಟ್ ಲೀ ಊರಿನ ಬಹುಮಹಡಿ ಕಟ್ಟಡವೊಂದರ ಹದಿನೇಳನೆಯ ಅಂತಸ್ತಿನ ನಿವಾಸಿ. ಪೆರು ದೇಶದ ಇಂಕಾ ಜನ ಮೂಲತಃ ನಮ್ಮ ಕಡೆಯವರೇ ಎಂಬುದು ಅವರ ಸಿದ್ಧಾಂತ. ಅದನ್ನು ಸ್ಥಳದಲ್ಲೇ ನಿಂತು ಸಾಬೀತು ಮಾಡಲು, ಬೆನ್ನಿಗೆ ಚೀಲ ಹೊತ್ತು, ನಾಲ್ಕು ದಿನ ಬೆಟ್ಟ ನಡೆದೇ ಇಂಕಾ ಜನರ ಹಳೆಯ ಕಲ್ಲೂರಾದ ಮಾಚು ಪಿಚು ಸೇರಬೇಕೆಂದು ಹಟ. ಆ ದಾರಿಗೆ ಪರ್ಮಿಟ್ ಬೇಕು. ಎರಡು ವರ್ಷ ಸಿಗದೆ ಮೂರನೆಯ ವರ್ಷ ಸಿಕ್ಕಿತು. ಮೊಣಕಾಲಿನ ಡಾಕ್ಟರು, "ಇದೊಂದು ಸಲ. ಆಮೇಲೆ ಬೆಟ್ಟದ ಹೆಸರೆತ್ತಬೇಡಿ," ಎಂದು ಕಟ್ಟಪ್ಪಣೆ ಮಾಡಿದ್ದರು.

ಜೊತೆಗೆ ಯಾರು? ಫ್ಲೋರಲ್ ಪಾರ್ಕ್ ಎಂಬ ಊರಿನ ಮನೆಯಲ್ಲಿ ನೆಮ್ಮದಿಯಾಗಿದ್ದ ನನ್ನನ್ನು ಅಕ್ಕ ತೋರಿಸಿದಳು.

ತಾಲೀಮು ಕಟ್ಟಡದ ಮೆಟ್ಟಿಲಲ್ಲೇ ನಡೆಯಿತು. ಭಾವ ಲಿಫ್ಟನ್ನು ತ್ಯಜಿಸಿ, ಬೆನ್ನಿಗೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಹೊತ್ತು ದಿನಕ್ಕೆರಡು ಸಲ ಹತ್ತಿ ಇಳಿಯುತ್ತಿದ್ದರು. ಕಟ್ಟಡದ ಮೇಲ್ವಿಚಾರಕ ಒಂದು ವಾರ ನೋಡಿ, "ಸರ್, ಆರ್ ಯೂ ಮೂವಿಂಗ್ ಔಟ್?" ಎಂದು ಕೇಳಿದ.

"ಯೆಸ್, ಸ್ಲೋಲಿ," ಎಂದರು ಭಾವ.

"ನೀನೂ ಹತ್ತೋ," ಎಂದು ನನಗೂ ಒಂದು ಚೀಲ ಕೊಟ್ಟರು. ನಾನು ಅದನ್ನು ಮನೆಗೊಯ್ದು ಅನ್ನ ಮಾಡಿಕೊಂಡು ಉಂಡೆ.

ಪೆರುವಿನಲ್ಲಿ ನಾವು ಮೊದಲು ಇಳಿದ ಕುಸ್ಕೋ ಊರಿನ ಎತ್ತರಕ್ಕೆ ಮನುಷ್ಯ ನಡೆಯುವುದಿಲ್ಲ, ತೇಲುತ್ತಾನೆ. ಮೋಡಗಳು ಕಲ್ಲುಹಾಸಿನ ಬೀದಿಗೆ ಇಳಿದು, ಯಾರದೋ ಬಾಗಿಲಲ್ಲಿ ತುಸು ನಿಂತು, ಮತ್ತೆ ಹೊರಡುತ್ತಿದ್ದವು. ಮಂಜಿನೊಳಗಿಂದ ಲಾಮಾ ಪ್ರಾಣಿಯೊಂದರ ಮುಖ ಮಾತ್ರ ಹೊರಬಂದು, ನಮ್ಮನ್ನು ದೂರದ ನೆಂಟರನ್ನು ನೋಡುವಂತೆ ನೋಡಿ, ಒಳಗೆ ಹೋಗುತ್ತಿತ್ತು. ಗಾಳಿ ತೆಳುವಾದಷ್ಟೂ ಸುಳ್ಳು ನಿಜದಂತೆ ಕೇಳಿಸುತ್ತದೆ. ಇಂಥ ಕಡೆ ಭಾವನವರನ್ನು ಹಿಡಿಯುವವರುಂಟೆ? ಗೈಡು, ಪಾಪ, ಸೂರ್ಯನಿಗೆ ತಮ್ಮ ಭಾಷೆಯಲ್ಲಿ 'ಇಂತಿ' ಎನ್ನುತ್ತಾರೆ ಎಂದುಬಿಟ್ಟ.

"ಕೇಳಿದ್ಯೇನೋ? ಇಂತಿ! ಇಂತಿ ನಿಮ್ಮ ವಿಧೇಯ! ಕಾಗದದ ಕೊನೇಲಿ ಸೂರ್ಯನ್ನ ಸಾಕ್ಷಿಗೆ ಕರೀತಿದ್ವಿ ಕಣೋ ನಾವು!"

"ಭಾವ, ಮೆಲ್ಲಗೆ."

"ಮನೆಗೆ 'ವಾಸಿ' ಅಂತಾರಂತೆ. ಮೈಸೂರು ವಾಸಿ! ಇನ್ನೇನು, ತಾಮ್ರಶಾಸನ ಬೇಕಾ ನಿನಗೆ?"

ಮರುದಿನ ಆ ಗೈಡು ಇದನ್ನೇ ಜರ್ಮನ್ ದಂಪತಿಗಳಿಗೆ ಗಂಭೀರವಾಗಿ ವಿವರಿಸುತ್ತಿದ್ದ.

ಸಂತೆಯಲ್ಲಿ ಅಜ್ಜಿಯೊಬ್ಬಳು ಕೋಕಾ ಎಲೆ ಮಾರುತ್ತಿದ್ದಳು. ಎತ್ತರದ ತಲೆಸುತ್ತಿಗೆ ಅಲ್ಲಿ ಅದನ್ನು ಅಗಿಯುತ್ತಾರೆ. ಭಾವ ಒಂದೆಲೆಯನ್ನು ತೊಡೆಗೆ ಒರೆಸಿ, ಬೆರಳಿಂದ ಸವರಿ ತೋರಿಸುತ್ತ, "ಸುಣ್ಣ ಇದ್ಯೇನಮ್ಮಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ನಾನು ನಕ್ಕೆ. ಅಜ್ಜಿ ನಗಲಿಲ್ಲ. ಶಾಲಿನ ಗಂಟು ಬಿಚ್ಚಿ, ಆ ಎಲೆಯ ಜೊತೆಗೆ ಅಗಿಯುವ ಬೂದಿಯ ಉಂಡೆಯೊಂದನ್ನು ಮುರಿದು ಕೊಟ್ಟಳು! ಇಬ್ಬರೂ ಒಂದೇ ಜಗಲಿಯವರಂತೆ ಅರ್ಧ ಗಂಟೆ ಅಗಿಯುತ್ತ ಕೂತರು.

ನಡಿಗೆಯ ಎರಡನೆಯ ಬೆಳಗ್ಗೆ, 'ಸತ್ತ ಹೆಂಗಸು' ಎಂಬ ಶುಭನಾಮದ ಕಣಿವೆದಾರಿಯ ಕೆಳಗೆ ನಾನು ಕುಸಿದೆ. ಅಕ್ಕಿಯನ್ನು ಹೊರದೆ ಉಂಡದ್ದರ ಫಲ. ವಾಂತಿ, ತಲೆನೋವು, ಕಣ್ಣ ಮುಂದೆ ಇಬ್ಬಿಬ್ಬರು ಭಾವಂದಿರು. ಗೈಡು ಅವರಿಗೆ ಹೇಳಿದ: ಇವರು ಕೂಡಲೇ ಇಳಿಯಬೇಕು, ನಮ್ಮ ಆಳೊಬ್ಬ ಕರೆದೊಯ್ಯುತ್ತಾನೆ, ನೀವು ಮುಂದೆ ಹೋಗಬಹುದು. ನೀವೂ ಇಳಿದರೆ ಪರ್ಮಿಟ್ ಅಲ್ಲಿಗೆ ಮುಗಿಯಿತು.

ಭಾವ ತಲೆಯೆತ್ತಿದರು. ಮೋಡ ಸರಿದು, ಮೇಲಿನ ಮೆಟ್ಟಿಲುಗಳ ಸಾಲು ಬಿಸಿಲಲ್ಲಿ ಹೊಳೆಯಿತು. ಅವರು ಅದನ್ನು ಕಣ್ಣಲ್ಲೇ ತುದಿಯವರೆಗೆ ಹತ್ತಿದರು.

"ನೀವು ಹೋಗಿ ಭಾವ," ಎಂದೆ.

"ಬಾಯ್ಮುಚ್ಚೋ. ನಾನು ಕಲ್ಲಿನ ಫೋಟೋ ತೋರಿಸಿದ್ರೆ, ತಮ್ಮ ಎಲ್ರೀ ಅಂತಾಳೆ ನಿಮ್ಮಕ್ಕ."

ನನ್ನ ಚೀಲವನ್ನೂ ಎದೆಗೆ ಕಟ್ಟಿಕೊಂಡು, ಆ ಮೊಣಕಾಲಿನಲ್ಲೇ, ನನ್ನ ಕೈ ಬಿಡದೆ ಇಳಿದರು. ಕೆಳಗಿನ ಊರಿನಲ್ಲಿ ಬೀದಿಬೀದಿಗೂ ಕಲ್ಲಿನ ಕಾಲುವೆ. ಮಲಗಿದ್ದ ನನಗೆ ಆ ನೀರಿನ ಸದ್ದು ಹಗಲೆಲ್ಲ ನಿದ್ದೆಯೊಳಗೇ ಹರಿಯುತ್ತಿತ್ತು. ಕಿಟಕಿಯ ತುಂಬ ಬೆಟ್ಟ. ಕಣ್ಣು ಬಿಟ್ಟಾಗಲೆಲ್ಲ ಭಾವ ಕುರ್ಚಿಯನ್ನು ನನ್ನ ಮಂಚದ ಕಡೆ ತಿರುಗಿಸಿಕೊಂಡು, ಬೆಟ್ಟಕ್ಕೆ ಬೆನ್ನು ಹಾಕಿ ಕೂತಿರುತ್ತಿದ್ದರು. ಹೀಗೆ ಮೂರು ದಿನ.

ನಾಲ್ಕನೆಯ ದಿನ ವಾಪಸು ವಿಮಾನವಿತ್ತು. ಮಾಚು ಪಿಚುವನ್ನು ನಾವಿಬ್ಬರೂ ನೋಡಲಿಲ್ಲ.